ಬಡಗಣದ ಬಿಸಿ, ತೆಂಕಣದ ಕಡಲು

ಪ್ರತಿ ವರ್ಷ ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ. ಆಗ ಅಂತರ ಸುಮಾರು 14.7 ಕೋಟಿ ಕಿ.ಮೀ. ಜುಲೈ ಹೊತ್ತಿಗೆ ಅದು 15.2 ಕೋಟಿ ಕಿ.ಮೀ. ಆಗಿರುತ್ತದೆ. ಹಾಗಿದ್ದರೆ ಇಡೀ ಭೂಮಿಯ ಸರಾಸರಿ ಉಷ್ಣಾಂಶ ಜನವರಿಯಲ್ಲೇ ಹೆಚ್ಚಿರಬೇಕಲ್ಲವೇ? ಲೆಕ್ಕ ಉಲ್ಟಾ. ಜುಲೈ ತಿಂಗಳ ಸರಾಸರಿ ಜನವರಿಗಿಂತ 3 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಜುಲೈನಲ್ಲಿ ಸೂರ್ಯನತ್ತ ವಾಲಿರುವುದು ನೆಲ ಹೆಚ್ಚಿರುವ ಉತ್ತರ ಗೋಳಾರ್ಧ. ಜನವರಿಯ ಬಿಸಿಲಿನ ಬಹುಪಾಲು ದಕ್ಷಿಣದ ನೀರಿನ ಮೇಲೆ ಬಿದ್ದು, ಅಲ್ಲೇ ಅಡಗಿಹೋಗುತ್ತದೆ.

ಉತ್ತರ ಗೋಳಾರ್ಧದಲ್ಲಿ ನೆಲದ ಪಾಲು ಸುಮಾರು ಶೇ 39. ದಕ್ಷಿಣದಲ್ಲಿ ಬರೀ ಶೇ 19. ಈ ಹಂಚಿಕೆಯಲ್ಲಿ ಮನುಷ್ಯನ ಕೈವಾಡವೇನೂ ಇಲ್ಲ. ಆದರೆ ನಾವು ಹುಟ್ಟಿಸಿದ ಬಿಸಿ ಎಲ್ಲಿ ಎಷ್ಟು ಕಾಣಬೇಕು ಎಂಬುದನ್ನು ಅದು ಬಹುಮಟ್ಟಿಗೆ ತೀರ್ಮಾನಿಸುತ್ತಿದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ವರದಿ ಪ್ರಕಾರ, 1850–1900ರ ಅವಧಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿ ಸರಾಸರಿ 1.09 ಡಿಗ್ರಿಯಷ್ಟು ಬಿಸಿಯಾಗಿತ್ತು. ಅದನ್ನು ಬಿಡಿಸಿ ನೋಡಿದರೆ ನೆಲದ ಮೇಲೆ 1.59, ಕಡಲ ಮೇಲೆ 0.88.

ನೀರು ನಿಧಾನವಾಗಿ ಕಾಯುತ್ತದೆ, ನೆಲ ಬೇಗ ಕಾಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ನಿಜ, ಆದರೆ ಪೂರ್ತಿ ಕಥೆಯಲ್ಲ. ಅಷ್ಟೇ ಆಗಿದ್ದರೆ ಎಂದಾದರೊಂದು ದಿನ ಕಡಲು ನೆಲವನ್ನು ಸರಿಗಟ್ಟಬೇಕಿತ್ತು. ಕಡಲಿಗೆ ಆವಿಯಾಗಲು ನೀರಿನ ಬರವಿಲ್ಲ, ಬಂದ ಶಾಖದ ಒಂದು ಭಾಗ ಅದರಲ್ಲೇ ಕಳೆಯುತ್ತದೆ. ಒಣಗಿದ ನೆಲಕ್ಕೆ ಆ ದಾರಿ ಇಲ್ಲ. ಜೊತೆಗೆ ಗಾಳಿ ಮತ್ತು ಅಲೆಗಳು ಮೇಲಿನ ನೀರನ್ನು ಕಲಕಿ ಬಿಸಿಯನ್ನು ಆಳಕ್ಕೆ ಇಳಿಸುತ್ತವೆ. ಹಸಿರುಮನೆ ಅನಿಲಗಳು ಹಿಡಿದಿಟ್ಟ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಸೇರಿರುವುದು ಸಮುದ್ರಕ್ಕೇ.

ಆದರೆ ಎಲ್ಲ ಸಮುದ್ರವೂ ಒಂದೇ ಬಗೆಯದಲ್ಲ. ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಮಹಾಸಾಗರದ ಸ್ವಭಾವವೇ ಬೇರೆ. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾಕ್ಕೂ ನಡುವಿನ ಡ್ರೇಕ್ ಜಲಮಾರ್ಗದ ಅಕ್ಷಾಂಶದಲ್ಲಿ ಭೂಮಿಯನ್ನು ಪೂರ್ತಿ ಸುತ್ತಿ ಬಂದರೂ ಎಲ್ಲೂ ನೆಲ ಅಡ್ಡ ಬರುವುದಿಲ್ಲ. ತಡೆಯಿಲ್ಲದ ಪಶ್ಚಿಮ ಮಾರುತಗಳು ಅಲ್ಲಿ ವರ್ಷವಿಡೀ ಬೀಸುತ್ತವೆ. ಅವುಗಳ ಒತ್ತಾಸೆಯಲ್ಲಿ ಹರಿಯುವ ಪ್ರವಾಹದ ನೀರು ಜಗತ್ತಿನ ಎಲ್ಲ ನದಿಗಳ ಒಟ್ಟು ಹರಿವಿನ ನೂರು ಪಟ್ಟಿಗೂ ಹೆಚ್ಚು.

ಭೂಮಿ ತಿರುಗುತ್ತಿರುವುದರಿಂದ ಈ ಗಾಳಿ ಮೇಲಿನ ನೀರನ್ನು ನೇರ ಮುಂದಕ್ಕಲ್ಲ, ಎಡಕ್ಕೆ, ಅಂದರೆ ಉತ್ತರಕ್ಕೆ ಸರಿಸುತ್ತದೆ. ತೆರವಾದ ಜಾಗಕ್ಕೆ ಆಳದಿಂದ ತಣ್ಣೀರು ಏರಿ ಬರುತ್ತದೆ. ಈ ನೀರು ಉತ್ತರ ಅಟ್ಲಾಂಟಿಕ್‌ನ ತುದಿಯಲ್ಲಿ ಮುಳುಗಿ, ಕತ್ತಲ ಆಳದಲ್ಲಿ ನೂರಾರು ವರ್ಷ ತೆವಳಿ ಇಲ್ಲಿಗೆ ಬಂದದ್ದು. ಅದಕ್ಕೆ ಕೊನೆಯ ಬಾರಿ ಗಾಳಿ ಸೋಕಿದಾಗ ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದಿರಬಹುದು. ಕಲ್ಲಿದ್ದಲ ಹೊಗೆಯ ಯುಗವನ್ನೇ ಕಾಣದ ನೀರು ಅದು. ಮೇಲೆ ಬಂದು ಇಂದಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಅಲ್ಲೇ ನಿಲ್ಲದೆ ಉತ್ತರಕ್ಕೆ ಸರಿದು, ಸುಮಾರು 45 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸಿನಲ್ಲಿ ಮತ್ತೆ ಕೆಳಗಿಳಿಯುತ್ತದೆ. ಬಿಸಿ ಒಳಹೊಗುವ ಜಾಗ ಒಂದು, ಜಮೆಯಾಗುವ ಜಾಗ ಇನ್ನೊಂದು. ಹೀರುವ ಜಾಗದ ಮೇಲ್ಮೈ ಮಾತ್ರ ತಣ್ಣಗೇ ಉಳಿಯುತ್ತದೆ.

ಇದು ಮೊದಲು ಕಂಡದ್ದು ಹಡಗಿನಿಂದಲ್ಲ, ಕಂಪ್ಯೂಟರಿನಲ್ಲಿ. 1989ರಲ್ಲಿ ಪ್ರಿನ್ಸ್‌ಟನ್‌ನ ರೊನಾಲ್ಡ್ ಸ್ಟೌಫರ್, ಸ್ಯುಕುರೊ ಮನಾಬೆ ಮತ್ತು ಕರ್ಕ್ ಬ್ರಯಾನ್ ಗಾಳಿ–ಕಡಲುಗಳನ್ನು ಜೋಡಿಸಿದ ಮಾದರಿಯೊಂದರಲ್ಲಿ ಇಂಗಾಲದ ಡೈಆಕ್ಸೈಡನ್ನು ವರ್ಷಕ್ಕೆ ಶೇ 1ರಂತೆ ಏರಿಸುತ್ತ ಹೋದರು. ಉತ್ತರ ಬೇಗ ಕಾಯಿತು, ಅಂಟಾರ್ಕ್ಟಿಕಾದ ಸುತ್ತ ಬಿಸಿ ಏರಲೇ ಇಲ್ಲ ಎನ್ನುವಷ್ಟು ನಿಧಾನ. ಇಂದಿನ ಲೆಕ್ಕಕ್ಕೆ ತೀರ ಒರಟಾದ ಮಾದರಿ ಅದು. ಆದರೂ ಮುಂದಿನ ದಶಕಗಳ ಅಳತೆಗಳು ಅದೇ ಚಿತ್ರ ಕೊಟ್ಟವು. ಮನಾಬೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡರು.

ಇತ್ತ ಉತ್ತರ ಧ್ರುವದ ಸುತ್ತ ಇರುವುದೂ ಸಮುದ್ರವೇ. ಆದರೂ ಆರ್ಕ್ಟಿಕ್ 1979ರಿಂದೀಚೆಗೆ ಜಾಗತಿಕ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಅಲ್ಲಿ ಬಿಳಿ ಹಿಮದ ಹೊದಿಕೆ ಕರಗಿದಷ್ಟೂ ಕಪ್ಪು ನೀರು ಬಯಲಾಗಿ ಇನ್ನಷ್ಟು ಬಿಸಿಲು ನುಂಗುತ್ತದೆ.

ಈ ಅಸಮತೋಲನದ ಗೊಡವೆ ನಮಗೂ ಇದೆ. ಉಷ್ಣವಲಯದ ಮಳೆಪಟ್ಟಿ ಹೆಚ್ಚು ಬಿಸಿಯಿರುವ ಗೋಳಾರ್ಧದ ಕಡೆಗೆ ವಾಲುತ್ತದೆ. ಇಪ್ಪತ್ತನೇ ಶತಮಾನದ ನಡುವಿನಿಂದ ಯುರೋಪ್ ಮತ್ತು ಅಮೆರಿಕದ ಕಾರ್ಖಾನೆಗಳ ಗಂಧಕದ ಹೊಗೆ ಬಿಸಿಲಿಗೆ ಅಡ್ಡ ನಿಂತು ಉತ್ತರವನ್ನು ತುಸು ತಂಪಾಗಿಟ್ಟಿತ್ತು. 1970–80ರ ದಶಕಗಳಲ್ಲಿ ಆಫ್ರಿಕಾದ ಸಾಹೆಲ್ ಸೀಮೆಯನ್ನು ಸುಟ್ಟ ಬರಕ್ಕೆ ಅದೂ ಒಂದು ಕಾರಣ ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ. ಆಗುಂಬೆಯಲ್ಲಿ ಸುರಿಯುವ ಮುಂಗಾರಿನ ಗಾಳಿಯೂ ಹೊರಡುವುದು ದಕ್ಷಿಣ ಗೋಳಾರ್ಧದಲ್ಲಿ, ಮಡಗಾಸ್ಕರ್‌ನ ಪೂರ್ವದ ಮಸ್ಕರೀನ್ ದ್ವೀಪಗಳ ಕಡೆಯಿಂದ. ಸಮಭಾಜಕ ದಾಟಿ, ಸೊಮಾಲಿಯಾ ತೀರ ಬಳಸಿ, ಅರಬ್ಬಿ ಸಮುದ್ರದ ತೇವ ಹೊತ್ತು ಅದು ಘಟ್ಟಕ್ಕೆ ಬರುತ್ತದೆ. ಎರಡು ಗೋಳಾರ್ಧಗಳ ಬಿಸಿಯ ಅಂತರ ಬದಲಾದರೆ ಇಂಥ ಮಳೆಯ ಲೆಕ್ಕವೂ ಕದಲುತ್ತದೆ.

ನೆಲವೆಂದರೆ ಹೆಚ್ಚು ಬಿಸಿ ಎಂಬ ಲೆಕ್ಕವೂ ಹೇಳಿದಷ್ಟು ಸರಳವೇನೂ ಅಲ್ಲ. ನಮ್ಮ ದೇಶದ ನೆಲ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಮಾತ್ರ ಬಿಸಿಯಾಗಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ನೀರಾವರಿ ಮತ್ತು ಗಾಳಿಯಲ್ಲಿನ ಹೊಗೆ–ದೂಳು ಒಂದಷ್ಟು ಬಿಸಿಯನ್ನು ಮರೆಮಾಡಿವೆ. ಗಾಳಿ ಸ್ವಚ್ಛವಾದರೆ ಅದು ಹೊರಬರುತ್ತದೆ.

ದಕ್ಷಿಣದ ಕಡಲೂ ಎಂದೆಂದಿಗೂ ತಾಳಿಕೊಂಡಿರುತ್ತದೆ ಎನ್ನಲಾಗದು. ಅಂಟಾರ್ಕ್ಟಿಕಾದ ಸಮುದ್ರಹಿಮ 2014ರವರೆಗೆ ತುಸು ಹೆಚ್ಚುತ್ತಲೇ ಇತ್ತು. ‘ತಾಪಮಾನ ಏರಿಕೆ ಸುಳ್ಳು’ ಎನ್ನುವವರಿಗೆ ಅದು ನೆಚ್ಚಿನ ವಾದವಾಗಿತ್ತು. 2016ರಲ್ಲಿ ಅದು ದಿಢೀರನೆ ಕುಸಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಚಳಿಗಾಲದ ಗರಿಷ್ಠ ವಿಸ್ತಾರ ಹಿಂದಿನ ಕನಿಷ್ಠ ದಾಖಲೆಗಿಂತಲೂ ಸುಮಾರು 10 ಲಕ್ಷ ಚದರ ಕಿ.ಮೀ.ನಷ್ಟು ಕಡಿಮೆಯಿತ್ತು.

ಜಗತ್ತಿನ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಬದುಕುವುದು ಉತ್ತರ ಗೋಳಾರ್ಧದಲ್ಲಿ, ಅದೂ ನೆಲದ ಮೇಲೆ. ಆದರೆ ಸಮ್ಮೇಳನಗಳಲ್ಲಿ ಚರ್ಚೆಯಾಗುವ, ಪತ್ರಿಕೆಗಳು ಅಚ್ಚು ಹಾಕುವ ‘1.5 ಡಿಗ್ರಿ’ ಎಂಬ ತಾಪಮಾನ ಏರಿಕೆಯ ಮಿತಿ ದಕ್ಷಿಣದ ಅಷ್ಟೂ ನೀರನ್ನು ಬೆರೆಸಿ ತೆಳುವಾಗಿಸಿದ ಅಂಕಿ. ಹವಾಮಾನದ ಸುದ್ದಿ ಬರೆಯುವವರು ಜಾಗತಿಕ ಸರಾಸರಿಯ ಪಕ್ಕದಲ್ಲೇ ನೆಲದ ಅಂಕಿಯನ್ನೂ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು. ಕೊಡದಿದ್ದರೆ ಓದುಗರೇ ಕೇಳಿ ಪಡೆಯಲಿ.