ಮಕ್ಕಳ ಮೂತ್ರಪಿಂಡ ಕಸಿ: ರಕ್ತವು ನುಡಿಯುವ ಸಾಕ್ಷ್ಯ

ಸಾಕ್ಷ್ಯವನ್ನು ತೂಗಿ ನೋಡುವುದು ಚರಿತ್ರೆಯ ವ್ಯಾಸಂಗಿಗಳಿಗೆ ನಿತ್ಯದ ಕೆಲಸ. ವೈದ್ಯರಿಗೂ ಇದು ತಪ್ಪಿದ್ದಲ್ಲವೆಂಬುದನ್ನು ಮೂತ್ರಪಿಂಡ ಕಸಿಯ ಇತಿಹಾಸದಿಂದ ನಾವು ತಿಳಿಯಬಹುದು.

1954ರ ಡಿಸೆಂಬರ್ 23ರಂದು ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಅವರ ಸಹೋದ್ಯೋಗಿಗಳು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಕಸಿ ಮಾಡಿ ಯಶಸ್ವಿಯಾದರು. ಅವರು ತದ್ರೂಪಿ ಅವಳಿಗಳಾದುದರಿಂದ ದೇಹವು ಹೊಸ ಅಂಗವನ್ನು ಪರಕೀಯವೆಂದು ಬಗೆಯಲಿಲ್ಲ. ಇತರರಲ್ಲಿ ದೇಹದ ರಕ್ಷಣಾಶಕ್ತಿಯೇ ಅದರ ಮೇಲೆರಗುತ್ತದೆ. ಇದಕ್ಕೆ ಅಂಗತಿರಸ್ಕಾರವೆಂದು ಹೆಸರು. ಔಷಧಗಳು ಇದನ್ನು ತಡೆಯುತ್ತವೆಯಾದರೂ ಅಪಾಯ ಸಂಪೂರ್ಣವಾಗಿ ನೀಗುವುದಿಲ್ಲ.

ತಿರಸ್ಕಾರವನ್ನು ಸಕಾಲದಲ್ಲಿ ಅರಿಯುವುದೆಂತು? ರಕ್ತದಲ್ಲಿನ ಕ್ರಿಯಾಟಿನೈನ್ ಪ್ರಮಾಣವನ್ನು ಅಳೆಯುವುದು ವಾಡಿಕೆ. ಆದರೆ ಈ ವಸ್ತು ಹುಟ್ಟುವುದು ಮಾಂಸಖಂಡಗಳಿಂದ. ಎಳೆಯ ಮಗುವಿನಲ್ಲಿ ಮಾಂಸಖಂಡ ಕಡಿಮೆ. ಕಸಿಯಾದುದೋ ಅನೇಕ ವೇಳೆ ತಾಯಿಯ ಅಥವಾ ತಂದೆಯ ದೊಡ್ಡ ಮೂತ್ರಪಿಂಡ. ಅದರ ಒಂದಂಶ ಕೆಟ್ಟರೂ ಉಳಿದಂಶವು ಕೆಲಸವನ್ನು ಸರಿದೂಗಿಸುವುದರಿಂದ, ಅಂಕಿ ಏರುವ ವೇಳೆಗೆ ಹಾನಿ ಬಲಿತಿರಬಹುದು. ಸೂಜಿಯಿಂದ ಅಂಗದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿ ಹೆಚ್ಚು ವಿಶ್ವಾಸಾರ್ಹ. ಆದರೆ ಅದರಲ್ಲಿ ರಕ್ತಸ್ರಾವದ ಭಯವುಂಟು. ಮಕ್ಕಳಿಗೆ ಸಾಮಾನ್ಯವಾಗಿ ಮಂಪರು ಬರಿಸಬೇಕಾಗುತ್ತದೆ.

ಹೊಸ ರಕ್ತಪರೀಕ್ಷೆಗೆ ಅವಕಾಶವಿರುವುದು ಇಲ್ಲಿಯೇ. ಜೀವಕೋಶಗಳು ನಾಶವಾದಾಗ ಅವುಗಳ ಡಿ.ಎನ್.ಎ. ತುಣುಕುಗಳು ರಕ್ತವನ್ನು ಸೇರುತ್ತವೆ. ರಕ್ತದ್ರವದಲ್ಲಿ ನ್ಯೂಕ್ಲಿಯಿಕ್ ಆಮ್ಲಗಳಿರುವುದನ್ನು ಫ್ರಾನ್ಸಿನ ಮಾಂಡೆಲ್ ಮತ್ತು ಮೆತೇ 1948ರಲ್ಲಿಯೇ ಪ್ರಕಟಿಸಿದ್ದರು. ಪುರುಷರ ಅಂಗವನ್ನು ಪಡೆದ ಸ್ತ್ರೀಯರ ರಕ್ತದಲ್ಲಿ ದಾನಿಯ ವೈ ವರ್ಣತಂತುವಿನ ಅಂಶಗಳಿರುವುದನ್ನು ಹಾಂಗ್‌ಕಾಂಗಿನ ಡೆನ್ನಿಸ್ ಲೋ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಈಗ ಹಲವು ಆನುವಂಶಿಕ ವ್ಯತ್ಯಾಸಗಳ ನೆರವಿನಿಂದ ರಕ್ತದ ಮುಕ್ತ ಡಿ.ಎನ್.ಎ.ಯಲ್ಲಿ ದಾನಿಯ ಪಾಲೆಷ್ಟೆಂದು ಅಳೆಯಬಹುದು. ಪಾಲು ಹೆಚ್ಚಿದರೆ ಅಂಗಕ್ಕೆ ಪೆಟ್ಟು ಬಿದ್ದಿರುವ ಶಂಕೆ ಮೂಡುತ್ತದೆ. ವಯಸ್ಕರನ್ನು ಕುರಿತ 2017ರ ಅಮೆರಿಕದ ಅಧ್ಯಯನವೊಂದು ಶೇಕಡಾ 1ನ್ನು ಮೇರೆಯಾಗಿ ಸೂಚಿಸಿತು.

ಆದರೆ ಈ ಸಾಕ್ಷಿಗೂ ಮಿತಿಗಳುಂಟು. ಬಿ.ಕೆ. ವೈರಸ್ಸಿನ ಸೋಂಕಿನಿಂದಲೂ ದಾನಿಯ ಪಾಲು ಏರಬಹುದು. ಮಗುವಿಗೆ ಬೇರೊಂದು ಕಾಯಿಲೆಯಾಗಿ ಅದರ ಸ್ವಂತ ಡಿ.ಎನ್.ಎ. ಹೆಚ್ಚಿದರೆ ದಾನಿಯ ಪಾಲು ಕುಗ್ಗಿದಂತೆ ತೋರಬಹುದು. ವಯಸ್ಕರ ಮೇರೆಯನ್ನು ಹಾಗೆಯೇ ಮಕ್ಕಳಿಗೆ ಅನ್ವಯಿಸುವುದು ಯುಕ್ತವಲ್ಲ. ಬಾಸ್ಟನ್ನಿನ ಆ ಅವಳಿಗಳಲ್ಲಂತೂ ದಾನಿ ಯಾರು, ಪಡೆದವರು ಯಾರು ಎಂಬುದನ್ನೇ ಈ ಪರೀಕ್ಷೆ ಬೇರ್ಪಡಿಸಲಾರದು.

ಆದುದರಿಂದ ಈ ಪರೀಕ್ಷೆಯನ್ನು ತೀರ್ಪೆಂದಲ್ಲ, ಎಚ್ಚರಿಕೆಯೆಂದು ಸ್ವೀಕರಿಸುವುದು ಉಚಿತ. ಒಂದೇ ಶಾಸನವನ್ನು ನಂಬಿ ನಾವು ಒಂದು ರಾಜ್ಯದ ಇತಿಹಾಸವನ್ನು ಬರೆಯುವುದಿಲ್ಲ. ಒಂದೇ ಅಂಕಿಯನ್ನು ನಂಬಿ ಮಗುವಿನ ಚಿಕಿತ್ಸೆಯನ್ನು ನಿರ್ಧರಿಸುವುದೂ ಸಲ್ಲದು. ಆದರೂ ಅನಾವಶ್ಯಕವಾದ ಒಂದು ಸೂಜಿಯಿರಿತ ತಪ್ಪಿದರೆ, ಅವಶ್ಯಕವಾದುದು ವಿಳಂಬವಿಲ್ಲದೆ ನಡೆದರೆ, ಆ ಮಗುವಿಗೆ ಅದು ಅಲ್ಪಲಾಭವೇನೂ ಅಲ್ಲ.