ಎಕ್ಸ್‌ರೇ ತೆಗೆಯೋರ ಮೈ ಕಾಯೋರು ಯಾರು?

ಕಲಬುರಗಿ: ಹುಮನಾಬಾದ್ ರಸ್ತೆಯ ಬಸ್ಸು ಹತ್ತಿ ನೋಡಿದರೆ, ಕಮಲಾಪುರದ ಕೆಂಪು ಬಾಳೆಹಣ್ಣಿನ ಜತೆಗೆ ಉದ್ದನೆಯ ಲಕೋಟೆ ಹಿಡಿದು ದವಾಖಾನೆಗೆ ಹೊಂಟವರೂ ಸಿಗುತ್ತಾರೆ. ಲಕೋಟೆಯೊಳಗೆ ಎಲುಬಿನ ಎಕ್ಸ್‌ರೇ. ರೋಗಿ ಆ ಯಂತ್ರದ ಮುಂದೆ ನಿಲ್ಲುವುದು ಎಂದೋ ಒಂದು ಸಲ. ಗುಂಡಿ ಒತ್ತುವವನಿಗೆ ಮಾತ್ರ ದಿನವಿಡೀ ಅದೇ ಕೆಲಸ, ಇಪ್ಪತ್ತು-ಮೂವತ್ತು ವರ್ಷ. ಅವನ ಕಾಳಜಿ ಯಾರಿಗದ?

ಈ ಪಾಠ ಕಲಿಸಿದವುಗಳಲ್ಲಿ ದಂಡಿನ ಆಸ್ಪತ್ರೆಗಳೂ ಸೇರಿವೆ. ಜರ್ಮನಿಯ ರಾಂಟ್ಜನ್ 1895ರಲ್ಲಿ ಈ ಕಿರಣ ಕಂಡುಹಿಡಿದರು. ಎರಡೇ ವರ್ಷದಲ್ಲಿ, ಅಂದರೆ 1897-98ರ ತಿರಾ ದಂಡಯಾತ್ರೆಯಲ್ಲಿ, ಸರ್ಜನ್ ಮೇಜರ್ ಬೀವರ್ ಅವರು ಯಂತ್ರವನ್ನು ಆಗಿನ ಭಾರತದ ವಾಯವ್ಯ ಗಡಿಯ ಗುಡ್ಡಗಾಡಿಗೆ ಒಯ್ದು ಗಾಯಾಳುಗಳ ಮೈಯಲ್ಲಿ ಗುಂಡು ಹುಡುಕಿದರು. 1900ರ ಬೋಯರ್ ಯುದ್ಧದಲ್ಲಿ ಡಾ. ಜಾನ್ ಹಾಲ್-ಎಡ್ವರ್ಡ್ಸ್ ದಕ್ಷಿಣ ಆಫ್ರಿಕದ ಡೀಲ್‌ಫಾಂಟೈನ್ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿದರು. ಆಗ ಸೀಸದ ಕವಚವಿಲ್ಲ, ಯಂತ್ರ ಸರಿ ಅದನೋ ಇಲ್ಲೋ ಎಂದು ಸ್ವಂತ ಕೈಯನ್ನೇ ಒಡ್ಡಿ ನೋಡುವ ಕಾಲ. ಕಿರಣ ತಗಲಿ ಹುಣ್ಣಾಗಿ 1908ರಲ್ಲಿ ಅವರ ಎಡಗೈ ಕತ್ತರಿಸಬೇಕಾಯಿತು. ಬಲಗೈಯ ಬೆರಳುಗಳೂ ಹೋದವು.

ಈಗಲೂ ದಂಡಿನ ಆಸ್ಪತ್ರೆ ನಡೆಯುವುದು ಡೇರೆಯಲ್ಲಿ, ಸಿಕ್ಕ ಕಟ್ಟಡದಲ್ಲಿ. 2023ರ ಫೆಬ್ರವರಿಯಲ್ಲಿ ತುರ್ಕಿಯ ಭೂಕಂಪಕ್ಕೆ ಹೋದ ಭಾರತೀಯ ಸೇನೆಯ ತಂಡ ಇಸ್ಕೆಂದೆರುನ್‌ನಲ್ಲಿ 30 ಹಾಸಿಗೆಯ ಆಸ್ಪತ್ರೆ ತೆರೆಯಿತು. ಅಲ್ಲೂ ಎಕ್ಸ್‌ರೇ ಯಂತ್ರವಿತ್ತು. ಡೇರೆಗೆ ಇಟ್ಟಿಗೆ ಗೋಡೆ ಎಲ್ಲಿಂದ ತರೋದು? ಗೋಡೆ ಇಲ್ಲದ ಕಡೆ ದೂರವೇ ಗೋಡೆ.

ಲೆಕ್ಕ ಸರಳ. ಸೂಪರ್ ಮಾರ್ಕೆಟ್ಟಿನ ಹಳೇ ವ್ಯಾಪಾರಿಗಳಿಗೆ ತಟ್ಟನೆ ತಿಳಿಯುತ್ತದೆ. ರೋಗಿಯ ಮೈಯಿಂದ ಚದುರಿದ ಕಿರಣ ಒಂದು ಮೀಟರಿನಲ್ಲಿ ಒಂದು ರೂಪಾಯಿಯಷ್ಟಿದ್ದರೆ, ಎರಡು ಮೀಟರಿನಲ್ಲಿ ನಾಲ್ಕಾಣೆ, ನಾಲ್ಕು ಮೀಟರಿನಲ್ಲಿ ಬರೀ ಒಂದಾಣೆ. ನಾಲ್ಕು ಹೆಜ್ಜೆ ಹಿಂದೆ ಸರಿಯಲು ಖರ್ಚೇನೂ ಇಲ್ಲ!

ನಮ್ಮೂರಿಗೂ ಇದೇ ಮಾತು. ಏಳಲಾಗದ ರೋಗಿಯ ಮಂಚದ ಹತ್ತಿರ ಗಾಲಿಯ ಯಂತ್ರ ತಳ್ಳಿಕೊಂಡು ಹೋದಾಗ ವಾರ್ಡೂ ಡೇರೆಯೇ. ಯಂತ್ರದ ಉದ್ದ ವೈರು ಇರುವುದು ದೂರ ನಿಂತು ಗುಂಡಿ ಒತ್ತಲಿಕ್ಕೆ, ಸುತ್ತಿ ಇಡಲಿಕ್ಕಲ್ಲ. ಆಂಜಿಯೋಗ್ರಾಂ ಕೋಣೆಯಲ್ಲಿ ದೂರ ಸರಿಯಲು ಬರೋದಿಲ್ಲ. ಅಲ್ಲಿ ಸೀಸದ ಕವಚ, ಕುತ್ತಿಗೆಪಟ್ಟಿ, ಸೀಸದ ಕನ್ನಡಕ ಬೇಕೇ ಬೇಕು. ಕವಚ ಮಡಚಿ ಮೂಲೆಗೆ ಒಗೆದರೆ ಒಳಗಿನ ಸೀಸ ಬಿರುಕು ಬಿಡುತ್ತದೆ. ತೂಗುಹಾಕಬೇಕು.

ಕಾನೂನಿಗೂ ಕೊರತೆಯಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ಸ್ಥಾಪನೆಯಾಯಿತು, ವಿಕಿರಣ ರಕ್ಷಣಾ ನಿಯಮಗಳು 2004ರಲ್ಲಿ ಬಂದವು. ನೇರ ಕಿರಣ ಬೀಳುವ ಗೋಡೆ 35 ಸೆಂ.ಮೀ. ಇಟ್ಟಿಗೆಯದ್ದು, ಉಳಿದವು 23 ಸೆಂ.ಮೀ. ಇರಬೇಕು. ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ರೋಗಿಗಳು ಗಾಬರಿ ಬೀಳುವುದು ಬ್ಯಾಡ: ಎದೆಯ ಒಂದು ಎಕ್ಸ್‌ರೇಯಲ್ಲಿ ತಗಲುವುದು 0.1 ಮಿಲಿಸೀವರ್ಟ್‌ಗಿಂತ ಕಡಿಮೆ.

ಸಿಬ್ಬಂದಿಗೆ ತಗಲಿದ್ದನ್ನು ಬರೆದಿಡಲು ಟಿ.ಎಲ್.ಡಿ. ಎಂಬ ಬಿಲ್ಲೆ ಕೊಡುತ್ತಾರೆ. ಕವಚದೊಳಗೆ ಎದೆಯ ಮೇಲೆ ಹಾಕಿಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕಳಿಸಬೇಕು. ಅದು ತಾಯಿತವಲ್ಲ, ಕಿರಣ ತಡೆಯುವುದಿಲ್ಲ. ಲೆಕ್ಕದ ಖಾತೆ ಅಷ್ಟೆ. ‘ಏನಾಗ್ತದ ಬಿಡ್ರಿ’ ಎಂದು ಅದನ್ನು ಎಕ್ಸ್‌ರೇ ಕೋಣೆಯ ಮೊಳೆಗೆ ತೂಗುಬಿಟ್ಟರೆ ಅದು ಗೋಡೆಯ ಲೆಕ್ಕ ಹೇಳುತ್ತದೆ, ಮನುಷ್ಯನದ್ದಲ್ಲ.

ಜನರದ್ದೂ ಜವಾಬ್ದಾರಿಯಿದೆ. ಹೊರಗೆ ನಿಲ್ಲಿ ಎಂದರೆ ನಿಲ್ಲಬೇಕು. ಬಸುರಿಯಿದ್ದರೆ ಮೊದಲೇ ಹೇಳಬೇಕು. ಅಳುವ ಕೂಸನ್ನು ಹಿಡಿಯಬೇಕಾದರೆ ಮನೆಯವರೇ ಕವಚ ಹಾಕಿಕೊಂಡು ಹಿಡಿಯಲಿ. ದಿನಾ ಹತ್ತು ಕೂಸು ಹಿಡಿದರೆ ಸಿಬ್ಬಂದಿಯ ಗತಿ ಏನು?

ಕಲಬುರಗಿಯ ದೊಡ್ಡ ಆಸ್ಪತ್ರೆಯಿರಲಿ, ಕಮಲಾಪುರದಂಥ ತಾಲೂಕಿನ ಸಣ್ಣ ಕೋಣೆಯಿರಲಿ, ಕಿರಣಕ್ಕೆ ಊರಿನ ಭೇದವಿಲ್ಲ. ಕವಚ ಮೈಮೇಲಿರಲಿ, ಬಿಲ್ಲೆ ಎದೆಮೇಲಿರಲಿ, ಮೊಳೆಯ ಮೇಲಲ್ಲ. ಸಂಬಂಧಪಟ್ಟವರು ಒಮ್ಮೆ ಕೋಣೆಯ ಬಾಗಿಲು ತೆಗೆದು ನೋಡಲಿ.