ಅಜ್ಜಿಯ ಚೊಂಬು, ತಾತನ ಅಂಬಾಸಿಡರ್

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಕೆ.ಆರ್. ನಗರ, ಪಿರಿಯಾಪಟ್ಟಣ, ಹುಣಸೂರು ಕಡೆಯ ರೈತರು ಸಿಂಗರಿಸಿದ ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ. ಕೋದಂಡರಾಮನ ತೇರೂ ಆಗುತ್ತದೆ. ನಮ್ಮ ಮನೆಯವರೆಲ್ಲ ಆ ಜಾತ್ರೆಗೆ ಹೋಗುವುದು ನಮ್ಮಪ್ಪನ ಹಳೆಯ ಅಂಬಾಸಿಡರ್ ಕಾರಿನಲ್ಲಿ. ಮೊಮ್ಮಕ್ಕಳ ಬಾಯಲ್ಲಿ ಅದು ‘ತಾತನ ಕಾರು’.

ಒಂದು ವರ್ಷ ಜಾತ್ರೆ ಮುಗಿಸಿ ಬರುವಾಗ ಅಜ್ಜಿ ತೊಡೆಯ ಮೇಲೆ ಕಾವೇರಿ ನೀರಿನ ಚೊಂಬು ಇಟ್ಟುಕೊಂಡಿದ್ದರು. ಕಾರು ಪ್ರತಿ ಉಬ್ಬಿಗೂ ನೆಗೆಯಿತು, ಪ್ರತಿ ಗುಂಡಿಗೂ ‘ಧಡ್’ ಎಂದಿತು. ಮನೆ ಮುಟ್ಟುವಾಗ ಅರ್ಧ ನೀರು ಚೊಂಬಿನಲ್ಲಿ, ಇನ್ನರ್ಧ ಸೀರೆಯಲ್ಲಿ. “ಇನ್ನು ಈ ಕಾರಲ್ಲಿ ನಾನು ಬರಾಕಿಲ್ಲ ಕಣಪ್ಪ. ನನ್ನ ಸೊಂಟ ಕಳಚಿ ಕೈಗೆ ಬಂತು” ಎಂದುಬಿಟ್ಟರು ಅಜ್ಜಿ.

ಅಣ್ಣನ ಮಗ ಐ.ಟಿ.ಐ. ಓದುತ್ತಿದ್ದಾನೆ. ಅವನು ಮೊಬೈಲ್ ಹಿಡಿದು ಓಡಿಬಂದ. ಅದರಲ್ಲಿ ಅಮೆರಿಕದ ಒಂದು ಹಳೆಯ ಕಾರು. ಚಾಲಕ ಗುಂಡಿ ಒತ್ತಿದರೆ ನೆಲಕ್ಕೆ ಹೊಟ್ಟೆ ತಾಗುವಂತೆ ಕೂರುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಎದ್ದು ಕುಣಿಯುತ್ತದೆ. “ಅಜ್ಜೀ, ನಮ್ಮ ಕಾರಿಗೂ ಇಂಥ ಹೈಡ್ರಾಲಿಕ್ ಹಾಕಿಸ್ತೀನಿ. ಕಾರೇ ನಿನ್ನ ಮುಂದೆ ಮಂಡಿ ಊರಿ ಕೂತ್ಕೋಬೇಕು. ಹಳೇ ಪಾರ್ಟ್ಸ್ ಹುಡುಕಿದ್ರೆ ಕಡಿಮೆ ದುಡ್ಡಲ್ಲಿ ಆಯ್ತದೆ” ಎಂದ.

ಆಗುತ್ತದೆಯೇ? ಆದರೆ ಅಜ್ಜಿಯ ಸೊಂಟಕ್ಕೆ ಸುಖವೇ? ಅದನ್ನು ತಿಳಿಯಲು ಮನೆಮಂದಿಯೆಲ್ಲ ಒಂದು ವಾರ ಪಾಠ ಕಲಿತೆವು.

ಹುಲ್ಲು ಹಾಸಿದ ಗಾಡಿ

ಮೊದಲ ಪಾಠ ತಾತನದು. “ನಮ್ ಕಾಲದಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಅಚ್ಚಿಗೆ ಕೀಲೆಣ್ಣೆ ಹಾಕಿದರೆ ಕಿರುಗುಟ್ಟೋದು ನಿಲ್ತಿತ್ತೇ ಹೊರತು ಕುಲುಕು ನಿಲ್ತಿರಲಿಲ್ಲ. ಅದಕ್ಕೆ ಗಾಡಿ ತುಂಬ ಹುಲ್ಲು ಹಾಸಿ, ಮೇಲೊಂದು ಜಮಖಾನ ಹಾಸೋರು” ಎಂದರು.

ಆ ಹುಲ್ಲೇ ಅಂದಿನ ಸಸ್ಪೆನ್ಷನ್! ದಾರಿಯ ಏಟು ಮೈಗೆ ತಲುಪುವ ಮೊದಲು ಮಧ್ಯದಲ್ಲಿ ಯಾವುದೋ ಒಂದು ವಸ್ತು ಕುಗ್ಗಿ, ಆ ಏಟನ್ನು ತಾನು ತಿನ್ನಬೇಕು. ಮೈಸೂರಿನ ಟಾಂಗಾಗಳಲ್ಲಿ ಆ ಕೆಲಸವನ್ನು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳು ಮಾಡಿದವು. ಒಂದರ ಮೇಲೊಂದು ಜೋಡಿಸಿದ ಈ ಪಟ್ಟಿಗಳಿಗೆ ಲೀಫ್ ಸ್ಪ್ರಿಂಗ್ ಎಂದು ಹೆಸರು. ಲಾರಿಯ ಹಿಂದಿನ ಚಕ್ರದ ಬಳಿ ಇಣುಕಿದರೆ ಈಗಲೂ ಕಾಣುತ್ತದೆ.

ಗಾಳಿಯೂ ಹುಲ್ಲಿನ ಹಾಗೆ ಕುಗ್ಗಿ ಹಿಗ್ಗುತ್ತದೆ. ಜಾನ್ ಬಾಯ್ಡ್ ಡನ್‌ಲಪ್ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ದನದ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲುದಾರಿಯಲ್ಲಿ ಕುಲುಕದಿರಲಿ ಎಂದು ಚಕ್ರಕ್ಕೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಮ್ಮ ಹಳ್ಳಿಗಳ ಟೈರು ಗಾಡಿಯ ಮೂಲವೂ ಅದೇ.

ಮೊಮ್ಮಗಳ ಹೆಬ್ಬೆರಳು ಗೆಲ್ಲುತ್ತದೆ

ಎರಡನೆಯ ಪಾಠ ಎಣ್ಣೆಯದು. ಮಕ್ಕಳೇ, ಇದನ್ನು ನೀವೇ ಮಾಡಿ ನೋಡಬಹುದು. ಸೂಜಿ ಇಲ್ಲದ, ಹೊಸ ಸಿರಿಂಜ್ ಎರಡು ಬೇಕು: ಒಂದು 5 ಮಿ.ಲೀ., ಇನ್ನೊಂದು 20 ಮಿ.ಲೀ. ಎರಡಕ್ಕೂ ನೀರು ತುಂಬಿ, ಸಣ್ಣ ಪ್ಲಾಸ್ಟಿಕ್ ಪೈಪಿನಿಂದ ಜೋಡಿಸಿ. ಒಳಗೆ ಗಾಳಿಯ ಗುಳ್ಳೆ ಇರಬಾರದು. ದೊಡ್ಡ ಸಿರಿಂಜನ್ನು ತಾತನಿಗೆ ಕೊಡಿ, ಚಿಕ್ಕದನ್ನು ನೀವು ಇಟ್ಟುಕೊಳ್ಳಿ. ಇಬ್ಬರೂ ಹೆಬ್ಬೆರಳಿನಿಂದ ಒತ್ತಿ. ನೀವೇ ಗೆಲ್ಲುತ್ತೀರಿ!

ಇದರ ಗುಟ್ಟನ್ನು ತಿಳಿಸಿದವರು ಫ್ರಾನ್ಸ್‌ನ ಬ್ಲೇಸ್ ಪಾಸ್ಕಲ್ (1623–1662). ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದು ಕಡೆ ಒತ್ತಿದರೆ, ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. 1 ಚದರ ಸೆಂ.ಮೀ. ಅಗಲದ ಬಾಯಿಯಲ್ಲಿ 5 ಕಿಲೋ ಭಾರ ಹೇರಿದರೆ, 20 ಚದರ ಸೆಂ.ಮೀ. ಅಗಲದ ಬಾಯಿ 100 ಕಿಲೋ ಭಾರವನ್ನು ಹೊರುತ್ತದೆ. ಆದರೆ ಪುಕ್ಕಟೆಯಾಗಿ ಏನೂ ಸಿಗದು. ಚಿಕ್ಕದು 20 ಸೆಂ.ಮೀ. ಇಳಿದರೆ ದೊಡ್ಡದು ಏರುವುದು 1 ಸೆಂ.ಮೀ. ಮಾತ್ರ. ಪಂಕ್ಚರ್ ಅಂಗಡಿಯ ಜಾಕ್, ಟ್ರ್ಯಾಕ್ಟರಿನ ನೇಗಿಲೆತ್ತುವ ತೋಳು, ಟಿಪ್ಪರ್, ಜೆಸಿಬಿ, ಕಾರಿನ ಬ್ರೇಕು, ಎಲ್ಲವೂ ಇದೇ ಲೆಕ್ಕದಲ್ಲಿ ನಡೆಯುತ್ತವೆ.

ಈಗ ಅದೇ ಸಿರಿಂಜಿನೊಳಗೆ ಸ್ವಲ್ಪ ಗಾಳಿ ಬಿಡಿ. ಒತ್ತಿ ನೋಡಿ. ಮೊದಲು ಕಲ್ಲಿನಂತಿದ್ದುದು ಈಗ ಸ್ಪಂಜಿನಂತೆ ಕುಗ್ಗಿ ಮರಳುತ್ತದೆ. ಇಡೀ ವಾರದ ಪಾಠದಲ್ಲಿ ನಮಗೆ ಮುಖ್ಯವಾದದ್ದು ಇದೇ: ಎಣ್ಣೆ ಎತ್ತುತ್ತದೆ, ಆದರೆ ಕುಗ್ಗುವುದಿಲ್ಲ. ಏಟು ತಿನ್ನಲು ಗಾಳಿಯೋ ಸ್ಪ್ರಿಂಗೋ ಬೇಕೇಬೇಕು.

ಎದ್ದು ನಿಲ್ಲುವ ಕಾರುಗಳು

ಈ ಎರಡನ್ನೂ ಜೋಡಿಸಿ ಗೆದ್ದವರು ಫ್ರಾನ್ಸ್‌ನ ಸಿಟ್ರೊಯೆನ್ ಕಂಪನಿಯವರು. 1955ರಲ್ಲಿ ಅವರು ಡಿ.ಎಸ್. ಎಂಬ ಕಾರನ್ನು ತೋರಿಸಿದರು. ನಿಂತಾಗ ಕೆಳಗಿಳಿದಿರುತ್ತಿದ್ದ ಅದು, ಎಂಜಿನ್ ಚಾಲೂ ಮಾಡಿದರೆ ಮಲಗಿದ್ದ ಹಸು ಎದ್ದಂತೆ ಮೇಲೇಳುತ್ತಿತ್ತು. ಪ್ರತಿ ಚಕ್ರಕ್ಕೂ ಒಂದು ಉಕ್ಕಿನ ಗುಂಡು. ಅದರೊಳಗೆ ಮಧ್ಯದಲ್ಲಿ ರಬ್ಬರಿನ ಪರದೆ. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಸಾರಜನಕ ಅನಿಲ. ಎತ್ತುವುದು ಎಣ್ಣೆ, ಏಟು ತಿನ್ನುವುದು ಅನಿಲ. 1962ರ ಆಗಸ್ಟ್ 22ರಂದು ಫ್ರಾನ್ಸ್‌ನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಅವರ ಮೇಲೆ ಗುಂಡಿನ ದಾಳಿ ನಡೆದಾಗ ಅವರು ಕೂತಿದ್ದುದು ಈ ಕಾರಿನಲ್ಲೇ. ಟೈರು ತೂತಾದರೂ ಚಾಲಕ ಅವರನ್ನು ಪಾರುಮಾಡಿದ.

ಅಣ್ಣನ ಮಗ ಮೊಬೈಲಿನಲ್ಲಿ ನೋಡಿದ ಕಾರಿನ ಕಥೆ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕೊ ಮೂಲದ ಕುಟುಂಬಗಳು ಹಳೆಯ ಕಾರುಗಳನ್ನು ತಗ್ಗಿಸಿ, ಬಣ್ಣ ಬಳಿದು, ಮೆಲ್ಲಗೆ ಮೆರವಣಿಗೆ ಹೊರಡುತ್ತಿದ್ದವು. ಅವಕ್ಕೆ ‘ಲೋರೈಡರ್’ ಎಂದು ಹೆಸರು. 1950ರ ದಶಕದ ಕೊನೆಯಲ್ಲಿ, ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗೆ ಇರಕೂಡದು ಎಂದು ಅಲ್ಲಿ ಕಾನೂನು ಬಂತು. 1959ರಲ್ಲಿ ರಾನ್ ಅಗಿರೆ ಎಂಬಾತ ವಿಮಾನಗಳಲ್ಲಿ ಬಳಸುವ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರಿಗೆ ಜೋಡಿಸಿದ. ಬೇಕೆಂದಾಗ ತಗ್ಗಿಸುವುದು, ಪೊಲೀಸರು ಕಂಡರೆ ಗುಂಡಿ ಒತ್ತಿ ಏರಿಸುವುದು! ಅಪ್ಪ, ಮಗ, ಮೊಮ್ಮಗ ಕೂಡಿ ಒಂದೇ ಕಾರನ್ನು ವರ್ಷಗಟ್ಟಲೆ ಸಿಂಗರಿಸುವ ಮನೆಗಳು ಅಲ್ಲಿವೆ. ನಮ್ಮಲ್ಲಿ ಜಾತ್ರೆಗೆ ಎತ್ತು ಸಿಂಗರಿಸುವ ಹಾಗೆಯೇ ಅದೂ. ತಗ್ಗಿಸಿದ ಕಾರುಗಳ ಮೇಲಿನ ಆ ನಿರ್ಬಂಧವನ್ನು ಕ್ಯಾಲಿಫೋರ್ನಿಯಾ 2024ರ ಜನವರಿಯಿಂದ ತೆಗೆದುಹಾಕಿದೆ.

ಆದರೆ ಆ ಕಾರುಗಳು ಮೆರವಣಿಗೆಗೆ, ಕುಣಿತಕ್ಕೆ ಕಟ್ಟಿದವು. ಡಿಕ್ಕಿ ತುಂಬ ಬ್ಯಾಟರಿ, ಪಂಪು. ಸಿಟ್ರೊಯೆನ್‌ನವರಂತೆ ಅನಿಲದ ಗುಂಡು ಸೇರಿಸದೆ ಅಗ್ಗದಲ್ಲಿ ಎಣ್ಣೆಯ ಸಿಲಿಂಡರ್ ಮಾತ್ರ ಜೋಡಿಸಿದರೆ, ಕಾರು ಎತ್ತಿ ಇಳಿಸುವ ಆಟವೇನೋ ಆಡುತ್ತದೆ. ಗುಂಡಿಯ ಏಟು ಮಾತ್ರ ನೇರ ಸೊಂಟಕ್ಕೆ.

ಮಣೆಯೋ ಕುರ್ಚಿಯೋ?

ಹಾಗಾದರೆ ಮಂಡಿ ಊರುವ ಕಾರು? ಬೆಂಗಳೂರಿನ ಕೆಳಮಟ್ಟದ ವೋಲ್ವೊ ಬಸ್ಸುಗಳು ಹತ್ತುವವರಿಗಾಗಿ ಒಂದು ಬದಿಗೆ ಬಾಗಬಲ್ಲವು. ಅಲ್ಲಿ ಎಣ್ಣೆಯ ಬದಲು ಗಾಳಿಯ ಚೀಲಗಳಿವೆ. ಬಸ್ಸಿನೊಳಗೆ ಹೆಜ್ಜೆ ಇಟ್ಟು ಹತ್ತಬೇಕಾದ್ದರಿಂದ ಅದು ತಗ್ಗಿದಷ್ಟೂ ಒಳ್ಳೆಯದು. ಕಾರಿನ ಲೆಕ್ಕ ಹಾಗಲ್ಲ. ಇದನ್ನು ನಮಗೆ ತೋರಿಸಿಕೊಟ್ಟವರು ಅಜ್ಜಿಯೇ.

“ಮೊದ್ಲು ಈ ಮಣೆ ಮೇಲೆ ಕೂತು ಏಳು. ಆಮೇಲೆ ಕುರ್ಚಿ ಮೇಲೆ ಕೂತು ಏಳು. ನಂಗೆ ಯಾವುದು ಸಲೀಸು, ನೀನೇ ಹೇಳು ಮಗ” ಎಂದರು. ಹುಡುಗ ಎರಡು ಸಲ ಎದ್ದು ಕೂತು ತಲೆ ಕೆರೆದುಕೊಂಡ. ಕಾರಿನ ಸೀಟು ತಗ್ಗಿದಷ್ಟೂ ಏಳುವುದು ಕಷ್ಟ. ಮಂಡಿ ನೋಯುವವರಿಗೆ ಕುರ್ಚಿಯಷ್ಟು ಎತ್ತರದ ಸೀಟೇ ಸುಖ, ಅದು ಅಂಬಾಸಿಡರ್‌ನಲ್ಲಿ ಆಗಲೇ ಇದೆ. ಹತ್ತುವಾಗ ಕಾಲಿಡಲು ಅಲುಗದ ಒಂದು ಗಟ್ಟಿ ಮರದ ಮೆಟ್ಟಿಲು, ಹಿಡಿಯಲು ಒಂದು ಕೈ ಇದ್ದರೆ ಸಾಕು.

ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಂಗವಿಕಲರ ಅನುಕೂಲಕ್ಕೆ ಬೇಕಾದ ಮಾರ್ಪಾಡಿಗೆ ಕಾಯ್ದೆಯಲ್ಲೇ ದಾರಿ ಇದೆ, ಅದನ್ನು ಆರ್.ಟಿ.ಒ. ಕಚೇರಿಯಲ್ಲಿ ಕೇಳಿ, ಅನುಮತಿ ಪಡೆದೇ ಮಾಡಿಸಬೇಕು. 15 ವರ್ಷ ದಾಟಿದ ಖಾಸಗಿ ಕಾರಿಗೆ ನೋಂದಣಿ ನವೀಕರಿಸುವಾಗ ತಪಾಸಣೆಯೂ ಇರುವುದರಿಂದ ಮನಬಂದಂತೆ ಕತ್ತರಿಸಿ ಬೆಸೆದ ಕಾರು ಅಲ್ಲಿ ಸಿಕ್ಕಿಬೀಳುತ್ತದೆ.

“ಹೈಡ್ರಾಲಿಕ್ ಆಗಲೇ ಇದೆಯಲ್ಲೋ!”

ಹುಡುಗನ ಮುಖ ಬಾಡಿತು. ತಾತ ಅವನನ್ನು ಕರೆದುಕೊಂಡು ಪರಿಚಯದ ಮೆಕ್ಯಾನಿಕ್ ಬಳಿ ಹೋದರು. ಅವರು ಕಾರಿನ ಹಿಂಭಾಗವನ್ನು ಬಲವಾಗಿ ಅದುಮಿ ಕೈಬಿಟ್ಟರು. ಕಾರು ನಾಲ್ಕೈದು ಸಲ ತೂಗಾಡಿತು. “ಒಂದೆರಡು ಸಲಕ್ಕೇ ನಿಲ್ಲಬೇಕಿತ್ತು. ಶಾಕ್ ಅಬ್ಸಾರ್ಬರ್ ಹೋಗಿದೆ” ಎಂದರು.

ಹಳೆಯದನ್ನು ಬಿಚ್ಚಿ ಹುಡುಗನ ಕೈಗೆ ಕೊಟ್ಟರು. ಹೊರಗೆಲ್ಲ ಎಣ್ಣೆ ಸೋರಿದ ಜಿಡ್ಡು. “ಹೈಡ್ರಾಲಿಕ್ ಹೈಡ್ರಾಲಿಕ್ ಅಂತಿದ್ದೆಯಲ್ಲ, ನಿನ್ನ ಹೈಡ್ರಾಲಿಕ್ ಇದರೊಳಗೆ ಆಗಲೇ ಇದೆಯಲ್ಲೋ! ಎಣ್ಣೆ ಸೋರಿ ಒಣಗಿ ಕೂತಿದೆ” ಎಂದು ನಕ್ಕರು.

ನಿಜ. ಅಂಬಾಸಿಡರ್‌ನ ಹಿಂಬದಿಗೆ ಲೀಫ್ ಸ್ಪ್ರಿಂಗ್ ಇದೆ. ಏಟು ತಿನ್ನುವುದು ಅದೇ. ಆದರೆ ಸ್ಪ್ರಿಂಗಿಗೆ ಒಂದು ಕೆಟ್ಟ ಚಾಳಿ: ಒಮ್ಮೆ ಕುಗ್ಗಿದರೆ ಉಯ್ಯಾಲೆಯಂತೆ ತೂಗುತ್ತಲೇ ಇರುತ್ತದೆ. ಅದನ್ನು ಸುಮ್ಮನಾಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ಸಣ್ಣ ತೂತುಗಳ ಮೂಲಕ ನುಗ್ಗಬೇಕು. ನುಗ್ಗುವ ಕಷ್ಟದಲ್ಲೇ ಕುಣಿತದ ಶಕ್ತಿ ಕರಗಿ ಶಾಖವಾಗುತ್ತದೆ. ಇದು ಸುಖದ ಮಾತಷ್ಟೇ ಅಲ್ಲ. ಚಕ್ರ ಕುಣಿಯುತ್ತಿದ್ದರೆ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕು ಹಿಡಿಯದು, ಸ್ಟೀರಿಂಗ್ ಕೇಳದು.

ಇನ್ನೂ ಹುಡುಕಿದಾಗ ಎಡಗಡೆಯ ಲೀಫ್ ಸ್ಪ್ರಿಂಗಿನಲ್ಲಿ ಒಂದು ಪಟ್ಟಿ ಮುರಿದಿತ್ತು. ರಬ್ಬರ್ ಬುಷ್‌ಗಳು ಒಣಗಿ ಬಿರುಕುಬಿಟ್ಟಿದ್ದವು. ಟೈರಿಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ತುಂಬಿತ್ತು. ಶಾಕ್ ಅಬ್ಸಾರ್ಬರ್‌ಗಳನ್ನು ಜೋಡಿಯಾಗಿ ಬದಲಿಸಿದೆವು. ಒಂದು ಹೊಸದು, ಒಂದು ಹಳೆಯದು ಇದ್ದರೆ ಕಾರು ಒಂದು ಬದಿಗೆ ಎಳೆಯುತ್ತದೆ. ಮುರಿದ ಪಟ್ಟಿ, ಬುಷ್‌ಗಳು ಹೊಸವು ಬಂದವು. ಗಾಳಿಯ ಒತ್ತಡ ಸರಿಮಾಡಿ, ಚಕ್ರಗಳ ಅಲೈನ್‌ಮೆಂಟ್ ನೋಡಿಸಿದೆವು. ಹುಡುಗನೇ ಪಕ್ಕದಲ್ಲಿ ಕೂತು ನಟ್ಟು ಬಿಗಿದ. ಹೈಡ್ರಾಲಿಕ್‌ಗೆಂದು ಅವನು ಹಾಕಿದ್ದ ಲೆಕ್ಕದ ಸಣ್ಣ ಪಾಲಿನಲ್ಲಿ ಎಲ್ಲ ಮುಗಿಯಿತು.

ಆ ದಿನ ಮೆಕ್ಯಾನಿಕ್ ಹೇಳಿದ ಎರಡು ಮಾತು ಟ್ರ್ಯಾಕ್ಟರ್ ಇರುವ ಮನೆಯವರೆಲ್ಲ ನೆನಪಿಡಬೇಕಾದವು. ಬರೀ ಜಾಕ್ ಕೊಟ್ಟು ಎತ್ತಿದ ಗಾಡಿಯ ಕೆಳಗೆ ಎಂದೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡ್ ಇರಲೇಬೇಕು. ಹೈಡ್ರಾಲಿಕ್ ಪೈಪು ಎಲ್ಲಿ ಸೋರುತ್ತಿದೆ ಎಂದು ಬೆರಳಿನಿಂದ ತಡಕಬಾರದು. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗಬಲ್ಲದು. ಎಂಜಿನ್ ನಿಲ್ಲಿಸಿ, ತಿಳಿದವರನ್ನು ಕರೆಯಬೇಕು. ಅಕಸ್ಮಾತ್ ಎಣ್ಣೆ ಚುಚ್ಚಿದರೆ ಗಾಯ ಚಿಕ್ಕದೆಂದು ಕೂರದೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಚೊಂಬಿನ ಪರೀಕ್ಷೆ

ಚುಂಚನಕಟ್ಟೆಯಲ್ಲಿ ಒಂದು ಮಾತಿದೆ. ಮಳೆಗಾಲದಲ್ಲಿ ಹೊರಗೆ ಕಾವೇರಿ ಎಷ್ಟೇ ಭೋರ್ಗರೆದು ಧುಮುಕಿದರೂ ರಾಮನ ಗರ್ಭಗುಡಿಯೊಳಗೆ ಆ ಸದ್ದು ಕೇಳಿಸದು ಎನ್ನುತ್ತಾರೆ ಭಕ್ತರು. “ಕಾರೂ ಹಂಗೇ ಇರಬೇಕು ಕಣಪ್ಪ. ಗಲಾಟೆ ಹೊರಗಿರಲಿ, ಒಳಗೆ ಕೂತೋರು ನೆಮ್ಮದಿಯಾಗಿರಲಿ” ಎಂದು ತಾತ ಮೊಮ್ಮಗನಿಗೆ ಹೇಳಿದರು.

ಮುಂದಿನ ಜಾತ್ರೆಗೆ ಅಜ್ಜಿ ಗೊಣಗುತ್ತಲೇ ಹೊರಟರು. ಮೊಮ್ಮಗ ತಾನೇ ಮಾಡಿದ ಮರದ ಮೆಟ್ಟಿಲು ಇಟ್ಟು ಕೈ ಹಿಡಿದು ಹತ್ತಿಸಿದ. ಎತ್ತುಗಳನ್ನು ನೋಡಿ, ರಾಮನಿಗೆ ಕೈಮುಗಿದು, ಚೊಂಬಿನಲ್ಲಿ ನೀರು ತುಂಬಿಕೊಂಡು ಸಂಜೆ ಹಿಂದಿರುಗಿದೆವು. ಅದೇ ರಸ್ತೆ, ಅದೇ ಗುಂಡಿ, ಅದೇ ಉಬ್ಬು. ಕಾರು ಪ್ರತಿ ಉಬ್ಬಿಗೂ ಒಮ್ಮೆ ತಲೆಯಾಡಿಸಿ ಸುಮ್ಮನಾಗುತ್ತಿತ್ತು.

ಮನೆ ಮುಂದೆ ಇಳಿದ ಅಜ್ಜಿ ಮೊದಲು ಚೊಂಬಿನೊಳಗೆ ಇಣುಕಿದರು. ಆಮೇಲೆ ಸೀರೆಯ ನೆರಿಗೆ ಮುಟ್ಟಿ ನೋಡಿದರು, ಒಣಗಿತ್ತು. ಮೊಮ್ಮಗನ ಕೈಗೆ ಚೊಂಬು ಕೊಟ್ಟು, “ತಗೋ, ದೇವರ ಮನೇಲಿ ಇಡು. ಹುಷಾರು, ನೀನು ಕುಲುಕಿಸಬೇಡ!” ಎಂದರು.